ಎಂಟು ಬೋಲ್ಟಿನ ಜಾಳಿಗೆ

ಜಾಳಿಗೆಗೆ ಎಂಟು ಬೋಲ್ಟುಗಳಿವೆ ಎಂಬುದು ಶಿವಶರಣಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದಾಗಿನಿಂದ ಎಣಿಸುತ್ತಿದ್ದ. ಹಲ್ಲುಜ್ಜುವಾಗ ಎಂಟು, ವಿಭೂತಿ ಹಚ್ಚಿಕೊಳ್ಳುವಾಗ ಎಂಟು, ಹೆಂಡತಿ ನೀಲಾಬಾಯಿ ರೊಟ್ಟಿಯ ಗಂಟು ಕೈಗಿಟ್ಟು ಏನೋ ಕೇಳಿದಾಗಲೂ ಎಂಟು ಅಂದುಬಿಟ್ಟ. ಅವಳು ಕೇಳಿದ್ದು ಸಂಜೆ ಎಷ್ಟಕ್ಕೆ ಬರುತ್ತೀರಿ ಎಂದು. ಎಂಟಕ್ಕೆ ಬರುವ ಗಂಡನಿಗೆ ಅಡಿಗೆ ತಡವಾಗಿ ಮಾಡಿದರೂ ನಡೆದೀತು ಎಂದುಕೊಂಡು ಅವಳು ಒಳಗೆ ಹೋದಳು. ಅವನು ಕಿಸೆ ಮುಟ್ಟಿ ನೋಡಿಕೊಂಡ. ಕೀಲಿ ಇತ್ತು. ಎರಡು ತಿಂಗಳಿನಿಂದ ಆ ಕೀಲಿಯನ್ನು ಅವನು ದಿನಕ್ಕೆ ಹತ್ತು ಸಲವಾದರೂ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಳೆದುಹೋಗಿದ್ದರೆ ಒಳ್ಳೆಯದಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು.

ವಿಜಾಪುರ ಮುಗಿದು ತಿಕೋಟಾ ರಸ್ತೆ ಶುರುವಾಗುವಲ್ಲಿ ಇರುವ ಅರಳೆ ಜಿನ್ನಿನಲ್ಲಿ ಅವನು ಹಾಜರಿ ಕಾರಕೂನ. ಹತ್ತಿಯಿಂದ ಬೀಜ ಬಿಡಿಸುವ ಇಪ್ಪತ್ತು ಯಂತ್ರ, ಅವುಗಳ ಮುಂದೆ ನಿಂತು ಹತ್ತಿ ತುಂಬುವ ನಲವತ್ತು ಹೆಣ್ಣುಮಕ್ಕಳು, ಎಲ್ಲವನ್ನೂ ತಿರುಗಿಸುವ ಒಂದು ಇಂಜಿನ. ಇಂಜಿನಕ್ಕೂ ಯಂತ್ರಗಳಿಗೂ ನಡುವೆ, ಹಿಂದಿನ ಓಣಿಯಂಥ ಇಕ್ಕಟ್ಟಿನಲ್ಲಿ, ಸೊಂಟದೆತ್ತರಕ್ಕೆ ಒಂದೇ ಉದ್ದನೆಯ ಶಾಫ್ಟು. ಅದು ತಿರುಗುತ್ತಿದೆಯೋ ನಿಂತಿದೆಯೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಅಷ್ಟು ನುಣ್ಣಗೆ ತಿರುಗುತ್ತದೆ. ಆ ಓಣಿಯ ಬಾಯಿಗೆ ಹಾಕಬೇಕಾದದ್ದು ಈ ಕಬ್ಬಿಣದ ಜಾಳಿಗೆ. ಹಾಕಿದರೆ ಯಾರೂ ಒಳಗೆ ಹೋಗಲಾರರು. ಯಾರೂ ಹೋಗದಿದ್ದರೆ ಶಾಫ್ಟಿನ ಬುಡದಲ್ಲಿ ಬೀಳುವ ಅರಳೆಯನ್ನು ಇಂಜಿನ ನಿಲ್ಲಿಸಿ, ಉದ್ದ ಗಳದಿಂದ ಎಳೆದು ತೆಗೆಯಬೇಕು. ನಿಂತ ಇಂಜಿನ ಮತ್ತೆ ಹದಕ್ಕೆ ಬರಲು ಒಂದು ತಾಸು ಬೇಕು. ಹೀಗಾಗಿ ಜಾಳಿಗೆ ಸಾಮಾನಿನ ಕೋಣೆಯಲ್ಲಿತ್ತು, ಕೋಣೆಯ ಕೀಲಿ ಶಿವಶರಣಪ್ಪನ ಕಿಸೆಯಲ್ಲಿತ್ತು. ಇವತ್ತು ಶುಕ್ರವಾರ ಹನ್ನೊಂದಕ್ಕೆ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರುವವರಿದ್ದುದರಿಂದ ಅದು ಹೊರಗೆ ಬರಬೇಕಾಗಿತ್ತು, ಮದುವೆಗಷ್ಟೇ ಪೆಟ್ಟಿಗೆಯಿಂದ ಹೊರಬರುವ ಇಳಕಲ್ ಸೀರೆಯ ಹಾಗೆ. ಅವರು ಹೋದ ಮೇಲೆ ಮತ್ತೆ ಒಳಗಿಡಬೇಕೆಂದು ಧಣಿ ಹೇಳಿದ್ದರು. ನಾಳೆ ಬೆಳಿಗ್ಗೆ ಆ ಶಾಫ್ಟಿನ ಬುಡಕ್ಕೆ ಬಾಗಿ ಅರಳೆ ತೆಗೆಯುವ ಪಾಳಿ ರೇಣವ್ವನದು. ರೇಣವ್ವ ಮೊದಲು ಮೂರನೆಯ ಯಂತ್ರದ ಮುಂದೆ ನಿಲ್ಲುತ್ತಿದ್ದ ಸೋನಾಬಾಯಿಯ ಮಗಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ತಾಯಿಯ ಹೆಸರಿದ್ದ ಸಾಲಿನಲ್ಲೇ ಶಿವಶರಣಪ್ಪ ಬರೆದುಕೊಂಡಿದ್ದ.

"ಕಾರಕೂನ ಸಾಹೇಬ್ರ, ಕೀಲಿ ಕೊಡ್ರಿ. ಮದಮಗಳನ್ನ ಹೊರಗ ಕರಕೊಂಡ ಬರೂಣು," ಎಂದ ಮೇಸ್ತ್ರಿ ಗೊಲ್ಲಾಳಪ್ಪ. ಇಂಜಿನ ಅವನ ತಾಬೆಯಲ್ಲಿತ್ತು, ಆದ್ದರಿಂದ ಶಿವಶರಣಪ್ಪನನ್ನು ಸಾಹೇಬ್ರ ಎಂದು ಕರೆದು ಮರ್ಯಾದೆ ಕಳೆಯುವ ಹಕ್ಕೂ ಅವನಿಗಿತ್ತು. ಇಬ್ಬರೂ ಸೇರಿ ಜಾಳಿಗೆಯನ್ನು ಹೊತ್ತು ತಂದರು. ಇನ್ನೂ ಇಂಜಿನ ಹಚ್ಚಿರಲಿಲ್ಲ. ಗೊಲ್ಲಾಳಪ್ಪ ಪಾನಾ ಹಾಕಿ ನಟ್ಟು ಬಿಗಿಯುತ್ತಿದ್ದರೆ ಶಿವಶರಣಪ್ಪ ಪಕ್ಕದಲ್ಲಿ ನಿಂತು ಎಣಿಸಿದ. ಎಂಟು. ಆಮೇಲೆ ಆಫೀಸಿನಿಂದ ನಿಯಮಗಳ ಬೋರ್ಡು ತಂದು ಜಿನ್ನಿನ ಗೋಡೆಗೆ ತೂಗುಹಾಕಿದರು. ಅದು ವರ್ಷವಿಡೀ ಆಫೀಸಿನಲ್ಲಿ ಧಣಿಯ ತಂದೆಯ ಫೋಟೋದ ಕೆಳಗೆ ಇರುತ್ತದೆ, ಜಿನ್ನಿನಲ್ಲಿಟ್ಟರೆ ಧೂಳು ಕೂಡುತ್ತದೆ ಎಂದು. ಅಕ್ಷರ ಶಿವಶರಣಪ್ಪನದೇ. ಒಂದು, ಸಡಿಲ ವಸ್ತ್ರ ಧರಿಸಿ ಯಂತ್ರದ ಸಮೀಪ ಸುಳಿಯಕೂಡದು. ಎರಡು, ಆವರಣವನ್ನು ತೆಗೆಯಕೂಡದು. ಮೂರು, ಚಲಿಸುತ್ತಿರುವ ಯಂತ್ರವನ್ನು ಸ್ಪರ್ಶಿಸಕೂಡದು. ನಾಲ್ಕು, ಈ ನಿಯಮಗಳನ್ನು ಎಲ್ಲರೂ ಓದತಕ್ಕದ್ದು. ನಲವತ್ತು ಜನರಲ್ಲಿ ಓದು ಬಲ್ಲವರು ಒಬ್ಬರೂ ಇರಲಿಲ್ಲ. ಇದು ಬೋರ್ಡು ಬರೆಯುವಾಗ ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಕೂಡದು ಎಂಬ ಅಕ್ಷರಗಳನ್ನು ದುಂಡಗೆ ತೆಗೆಯುವ ಸಂತೋಷದಲ್ಲಿ ನೆನಪಾಗಲಿಲ್ಲ.

ಜಾಳಿಗೆಯನ್ನು ತೆಗೆದದ್ದೂ ಕೆಟ್ಟ ಬುದ್ಧಿಯಿಂದಲ್ಲ. ಶಿವರಾತ್ರಿಯ ಮರುದಿನ, ಹೊಸ ಹತ್ತಿಯ ಮೊದಲ ಗಾಡಿ ನಿಡೋಣಿಯಿಂದ ಬಂದಾಗ, ಪ್ರತಿ ವರ್ಷದಂತೆ ಶಾಫ್ಟಿಗೆ ಪೂಜೆ. ದೇವರನ್ನ ಪಂಜರದಾಗ ಇಟ್ಟ ಪೂಜಾ ಮಾಡ್ತಾರೇನ್ರಿ ಎಂದು ಗೊಲ್ಲಾಳಪ್ಪ ಅಂದ. ಅದು ಎಲ್ಲರಿಗೂ ಖರೆ ಅನ್ನಿಸಿತು. ಬಿಚ್ಚಿದರು, ಹಾರ ಹಾಕಿದರು, ಕಾಯಿ ಒಡೆದರು. ಕಾಯಿ ಒಡೆದವನು ಶಿವಶರಣಪ್ಪ, ಒಂದೇ ಏಟಿಗೆ ಎರಡು ಹೋಳು, ಹೆಣ್ಣುಮಕ್ಕಳು ಒಳ್ಳೆ ಶಕುನ ಅಂದರು. ಹಾರ ಬಾಡಿತು, ಉದುರಿತು, ಜಾಳಿಗೆ ಮಾತ್ರ ಮರಳಿ ಹತ್ತಲಿಲ್ಲ. ಹೋಳಿ ಹುಣ್ಣಿಮೆ ಆದ ಗುರುವಾರ ಗೊಲ್ಲಾಳಪ್ಪ ಮಗಳಿಗೆ ವರ ನೋಡಲು ತಿಕೋಟೆಗೆ ಹೋಗಿದ್ದ. ಧಣಿ ಬಾಗಿಲಲ್ಲಿ ನಿಂತು, "ಬುಡಕ ಅರಳಿ ಬಾಳ ಬಿದ್ದೈತಿ ಶರಣಪ್ಪಾ, ತಗಸು," ಎಂದು ಹೋದರು. ಶಿವಶರಣಪ್ಪ ಸುತ್ತ ನೋಡಿದ. ಮೂರನೆಯ ಯಂತ್ರದ ಸೋನಾಬಾಯಿ ಹತ್ತಿರವಿದ್ದಳು, ಬೇರೆ ಕಾರಣವಿರಲಿಲ್ಲ. ಅವಳು ಸೆರಗು ಸಿಗಿಸಿಕೊಂಡಳು, ಬಲಗೈಯ ಬಳೆಗಳನ್ನು ಮೊಳಕೈವರೆಗೆ ಏರಿಸಿಕೊಂಡಳು, ಓಣಿಯ ಬಾಯಿಗೆ ಹೋಗಿ ಹಿಂದಿರುಗಿ ನೋಡಿದಳು. "ಇಂಜಿನ ನಿಂದರಸ್ತೀರೇನ್ರಿ?" "ಎರಡ ನಿಮಿಷದ ಕೆಲಸಾ, ಹೋಗಬೇ," ಅಂದ ಶಿವಶರಣಪ್ಪ. ಆಮೇಲೆ ಅವನು ಹಾಜರಿ ಪುಸ್ತಕದ ಕಡೆ ತಿರುಗಿದ. ಆದ್ದರಿಂದ ಸೆರಗು ಹೇಗೆ ಸಿಕ್ಕಿತು ಎಂಬುದನ್ನು ಅವನು ನೋಡಿಲ್ಲ. ಕೂಗು ಮಾತ್ರ ಕೇಳಿದ, ಅದೂ ಇಂಜಿನದ ಸದ್ದಿನಲ್ಲಿ ಮೊದಲು ಯಾರೋ ನಗುತ್ತಿದ್ದಾರೆ ಅನ್ನಿಸಿತ್ತು. ಆ ತಪ್ಪು ತಿಳಿವಳಿಕೆಯೊಂದನ್ನು ಅವನು ಈವರೆಗೆ ಯಾರಿಗೂ ಹೇಳಿಲ್ಲ. ದವಾಖಾನೆಯಲ್ಲಿ ಮುಂಗೈ ತೆಗೆದರು. ಏಳು ಹಸಿರು ಬಳೆಗಳಲ್ಲಿ ಒಂದೂ ಬಿರುಕು ಬಿಟ್ಟಿರಲಿಲ್ಲ. ತಡೆಯುವ ಕೈ ಇಲ್ಲದ್ದರಿಂದ ಸಲೀಸಾಗಿ ಇಳಿದುಬಂದವು, ಕಂಪೌಂಡರು ಅವನ್ನು ರೇಣವ್ವನ ಉಡಿಗೆ ಹಾಕಿದ. ಅಪಘಾತದ ಪುಸ್ತಕದಲ್ಲಿ ಕಾರಣ ಎಂಬ ಮನೆಯಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಧಣಿ, "ನಿನಗ ಗೊತ್ತಿಲ್ಲೇನು?" ಅಂದರು. ಅವನಿಗೆ ಗೊತ್ತಿತ್ತು. ಸ್ವಂತ ನಿಷ್ಕಾಳಜಿ ಎಂದು ಬರೆದ. ಆ ಎರಡು ಶಬ್ದಗಳಿಂದ ಪರಿಹಾರದ ಮಾತೂ ಮುಗಿಯಿತು. ದಯೆಯಿಂದ ಸೋನಾಬಾಯಿಯನ್ನು ನೀರು ಕೊಡಲು ಇಟ್ಟುಕೊಂಡರು.

ಈಗ ಅವಳು ಬಾಗಿಲ ಬಳಿ ನೀರಿನ ಹರವಿಯ ಹತ್ತಿರ ಕೂತಿದ್ದಳು. ಬಲಗೈಯ ತುದಿಗೆ ಹಳೆಯ ಸೀರೆಯ ತುಂಡು ಸುತ್ತಿತ್ತು. ಶಿವಶರಣಪ್ಪ ಎರಡು ತಿಂಗಳಿನಿಂದ ಆ ಹರವಿಯ ನೀರು ಕುಡಿದಿರಲಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಗಂಟಲು ಒಣಗಿದರೂ ಹಿಂದಿನ ಬಾಗಿಲಿನಿಂದ ಹೋಗಿ ಎತ್ತುಗಳು ನೀರು ಕುಡಿಯುವ ದೋಣಿಯ ಪಕ್ಕದ ನಳಕ್ಕೆ ಬಾಯಿ ಹಚ್ಚುತ್ತಿದ್ದ. ಅವನು ಮಡಿಯವನು, ಸೋನವ್ವನ ಕೈಯ ನೀರು ಒಲ್ಲ ಎಂದು ಹೆಣ್ಣುಮಕ್ಕಳು ಆಡಿಕೊಂಡದ್ದು ಅವನ ಕಿವಿಗೂ ಬಿದ್ದಿತ್ತು. ಅಲ್ಲವೆಂದು ಹೇಳಲು ಹೋದರೆ ಮತ್ತೆ ಏಕೆಂದೂ ಹೇಳಬೇಕಾಗುತ್ತಿತ್ತು. ಮಡಿಯೆಂದೇ ತಿಳಿದುಕೊಳ್ಳಲಿ ಎಂದು ಬಿಟ್ಟುಬಿಟ್ಟ. ಕೆಟ್ಟವನಾಗುವುದರಲ್ಲೂ ಸೋವಿಯ ದಾರಿ ಒಂದು ಇರುತ್ತದೆ.

ಇನ್ಸ್‌ಪೆಕ್ಟರು ಟಾಂಗಾದಿಂದ ಇಳಿದಾಗ ಹನ್ನೊಂದೂವರೆ. ಸಣ್ಣ ಆಳು, ದೊಡ್ಡ ಟೊಪಿಗೆ, ಕೈಯಲ್ಲಿ ಹೊಸ ಕಾಯ್ದೆಯ ಪುಸ್ತಕ. ಅದರ ಪುಟಗಳನ್ನು ಇನ್ನೂ ಪೂರ್ತಿ ಕತ್ತರಿಸಿರಲಿಲ್ಲ. ಇಂಜಿನ ಹಚ್ಚಿದ್ದರು, ಹತ್ತಿ ಹಾರುತ್ತಿತ್ತು. ಅವರು ಜಾಳಿಗೆಯ ಮುಂದೆ ನಿಂತು ಕೋಲಿನಿಂದ ಮೆಲ್ಲಗೆ ಬಡಿದರು. ಗಟ್ಟಿಯಾಗಿತ್ತು. ಬೋರ್ಡಿನ ಮುಂದೆ ನಿಂತು ನಾಲ್ಕೂ ನಿಯಮ ಓದಿದರು. "ಅಕ್ಷರ ಭಾಳ ಛಂದ ಅದಾವ. ಯಾರವು?" ಧಣಿ ಶಿವಶರಣಪ್ಪನ ಕಡೆ ಕೈ ತೋರಿಸಿದರು. ಶಿವಶರಣಪ್ಪನ ಮುಖ ಅರಳಿತು. ಅರಳಿದ್ದು ಗೊತ್ತಾಗಿ ಅದನ್ನು ಮುಚ್ಚಿಕೊಳ್ಳಲು ನೋಡಿದ, ಆಗಲಿಲ್ಲ, ಮೆಚ್ಚುಗೆಗೆ ಮೂವತ್ತೆಂಟು ವರ್ಷದ ಮುಖ ಸಾಲಿ ಹುಡುಗನಂತೆ ತಾನೇ ಅರಳುತ್ತಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಆಫೀಸಿನಲ್ಲಿ ಚಹಾ ಬಂತು. ಇನ್ಸ್‌ಪೆಕ್ಟರು ಅಪಘಾತದ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. "ಯಂತ್ರ ನಡದಾಗ ಈಕಿ ಅಲ್ಲಿ ಯಾಕ ಹೋಗಿದ್ಲು?" ಧಣಿ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದರು. ಶಿವಶರಣಪ್ಪ, "ಅರಳಿ ತಗ್ಯಾಕ ಹೋಗಿದ್ಲ್ರಿ," ಅಂದ. "ಯಾರ ಹೋಗಂದ್ರು?" ಇಷ್ಟೇ ಪ್ರಶ್ನೆ. ಎರಡು ತಿಂಗಳಿನಿಂದ ಇದೇ ಪ್ರಶ್ನೆಗೆ ಅವನು ಉತ್ತರ ಸಿದ್ಧ ಮಾಡಿಕೊಂಡಿದ್ದ, ಸ್ನಾನದ ಕೋಣೆಯಲ್ಲಿ ಜೋರಾಗಿ ಹೇಳಿಯೂ ನೋಡಿದ್ದ, ನಾನೇ ಕಳಿಸಿದೆ ಎಂದು, ನಾನು ಎಂಬಲ್ಲಿ ಸ್ವಲ್ಪ ಒತ್ತುಕೊಟ್ಟು. ಈಗ ಬಾಯಿ ತೆರೆದಾಗ, "ತಾನ ಹೋದ್ಲ್ರಿ," ಎಂಬುದು ಬಂತು. ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಒಂದು ಗಳಿಗೆ ಖರೆ ಅನ್ನಿಸಿತು. ಅಷ್ಟರಲ್ಲಿ ಸೋನಾಬಾಯಿ ತಂಬಿಗೆಯಲ್ಲಿ ನೀರು ತಂದಳು, ಎಡಗೈಯಲ್ಲಿ. ಇನ್ಸ್‌ಪೆಕ್ಟರು ತಂಬಿಗೆ ನೋಡಿದರು, ಕೈ ನೋಡಿದರು, ಇನ್ನೊಂದು ಕೈ ಇರಬೇಕಾದಲ್ಲಿ ನೋಡಿದರು.

"ಈಕೀನ ಏನು?"

"ಹೌದ್ರಿ," ಅಂದರು ಧಣಿ. "ನಾವು ಕೈ ಬಿಟ್ಟಿಲ್ರಿ ಆಕೀನ್ನ."

"ಏನವಾ, ನೀನ ಹೋಗಿದ್ದ್ಯೊ, ಯಾರರ ಹೇಳಿದ್ರೊ?"

ಶಿವಶರಣಪ್ಪ ಅವಳನ್ನು ನೋಡಿದ. ಹೇಳಲಿ ಎಂದು ಬೇಡಿಕೊಂಡ. ಹೇಳದಿರಲಿ ಎಂದೂ ಬೇಡಿಕೊಂಡ. ಎರಡರಲ್ಲಿ ಯಾವುದು ಮೊದಲು ಎಂಬುದು ಅವನಿಗೇ ತಿಳಿಯಲಿಲ್ಲ. ಸೋನಾಬಾಯಿ ಅವನನ್ನು ನೋಡಲಿಲ್ಲ. ತೆರೆದ ಬಾಗಿಲಿನಿಂದ ಕಾಣುತ್ತಿದ್ದ ಮೂರನೆಯ ಯಂತ್ರವನ್ನೂ ಅದರ ಮುಂದೆ ನಿಂತಿದ್ದ ಮಗಳನ್ನೂ ನೋಡಿದಳು. "ಕಾರಕೂನ್ರು ಏನ ಬರದಾರ, ಅದ ಖರೆರಿ."

"ಏನ ಬರದಾರ ಅಂತ ನಿನಗ ಗೊತ್ತೈತೇನು?"

"ಇಲ್ರಿ. ಛಂದ ಬರದಾರಂತ."

ಇನ್ಸ್‌ಪೆಕ್ಟರು ನೀರು ಕುಡಿದರು, ಆ ಸಾಲಿನ ಕೆಳಗೆ ಸಹಿ ಮಾಡಿದರು, ಜಾಳಿಗಿ ಹಿಂಗ ಇರಲಿ ಎಂದು ಎರಡು ಸಲ ಹೇಳಿದರು. ಮುಂದಿನ ತಿಂಗಳು ಮತ್ತೆ ಬಂದು ಇದೇ ಪುಸ್ತಕ ನೋಡುವುದಾಗಿಯೂ ಹೇಳಿದರು. ಧಣಿ ಅವರನ್ನು ಊಟಕ್ಕೆ ಕರೆದುಕೊಂಡು ಹೋದರು. ಶಿವಶರಣಪ್ಪ ಆಫೀಸಿನಲ್ಲೇ ಕೂತ. ರೊಟ್ಟಿಯ ಗಂಟು ಬಿಚ್ಚಿದ, ಕಟ್ಟಿದ. ಅವನಿಗೆ ಬಬಲೇಶ್ವರದ ಸಾಲಿಯ ನೆನಪಾಯಿತು. ಮಸಿಯ ದೌತಿ ಚೆಲ್ಲಿದ್ದು ಇವನು, ಏಟು ತಿಂದದ್ದು ಪಕ್ಕದಲ್ಲಿ ಕೂತಿದ್ದ ಪರಸಪ್ಪ. ಮಾಸ್ತರರು ಬಡಿಯುವಾಗ ಪರಸಪ್ಪ ಅಳಲೂ ಇಲ್ಲ, ಹೆಸರು ಹೇಳಲೂ ಇಲ್ಲ. ಸಾಲಿ ಬಿಟ್ಟ ಮೇಲೆ ಇಬ್ಬರೂ ಕೂಡಿಯೇ ಮನೆಗೆ ಹೋಗಿದ್ದರು, ದಾರಿಯಲ್ಲಿ ಪರಸಪ್ಪ ಹುಣಸಿಬೋಟು ಕೊಟ್ಟಿದ್ದ, ಇವನು ತಿಂದಿದ್ದ. ಹುಳಿಯಾಗಿತ್ತು.

ಮೂರು ಗಂಟೆಗೆ ಧಣಿ ಮರಳಿ ಬಂದರು. ಹೊರಗೆ ಬಬಲೇಶ್ವರದಿಂದ ಬಂದ ಹದಿನೆಂಟು ಹತ್ತಿ ಗಾಡಿ ಬಿಸಿಲಿನಲ್ಲಿ ನಿಂತಿದ್ದವು. "ಗೊಲ್ಲಾಳಾ, ಜಾಳಿಗಿ ತಗದ ಒಳಗಿಡೋ," ಎಂದು ಕೂಗಿದರು. ಗೊಲ್ಲಾಳಪ್ಪ ಪಾನಾ ಹಿಡಿದು ಹೋದವನು ಅಲ್ಲೇ ನಿಂತ. ನಿಂತವನು ಮಿಸುಕಲಿಲ್ಲ. ಏನಾಯಿತೆಂದು ಶಿವಶರಣಪ್ಪ ಎದ್ದು ಹೋದ. ಜಾಳಿಗೆಯ ತುಂಬ ಭಂಡಾರ, ಅರಿಷಿಣದ ಹಳದಿ ತಂತಿಗಳಿಗೆಲ್ಲ ಮೆತ್ತಿತ್ತು. ಹತ್ತಿ ತುಂಬುವವರಲ್ಲಿ ಒಬ್ಬಳಾದ ದಾವಲಬಿ ಎಲ್ಲಿಂದಲೋ ತಂದ ಎರಡು ಊದಿನಕಡ್ಡಿ ಬುಡದಲ್ಲಿ, ಅರಳೆಗೆ ಕಿಡಿ ತಾಗದಂತೆ ನೀರಿನ ಬಟ್ಟಲಲ್ಲಿ ನಿಂತಿದ್ದವು, ಹಚ್ಚಿರಲಿಲ್ಲ. ಮತ್ತು ಒಂದೊಂದು ನಟ್ಟಿನ ಸುತ್ತ ಒಂದೊಂದು ಹಸಿರು ಬಳೆ, ದಾರದಿಂದ ಬಿಗಿದು ಕಟ್ಟಿದ್ದು. ಸೋನಾಬಾಯಿ ಎಡಗೈಯಿಂದ ಬಳೆ ಹಿಡಿದಿದ್ದಳು, ಗಂಟು ಹಾಕುತ್ತಿದ್ದವಳು ರೇಣವ್ವ. ಏಳು ನಟ್ಟಿಗೆ ಏಳು ಬಳೆ ಆದವು. ಎಂಟನೆಯದಕ್ಕೆ ರೇಣವ್ವ ತನ್ನ ಕೈಯಿಂದ ಒಂದು ಕೆಂಪು ಬಳೆ ಇಳಿಸಿದಳು. ಯಂತ್ರಗಳ ಮುಂದೆ ಹೆಣ್ಣುಮಕ್ಕಳು ಹತ್ತಿ ತುಂಬುತ್ತಲೇ ಇದ್ದರು, ಎಲ್ಲರ ಬೆನ್ನೂ ನೋಡುತ್ತಿರುವ ಬೆನ್ನುಗಳಾಗಿದ್ದವು. ಪಾನಾ ಹಾಕಬೇಕೆಂದರೆ ಬಳೆ ಒಡೆಯಬೇಕು. ದಾರ ಕೊಯ್ದು ಬಿಡಿಸಿದರೂ ದೇವರಿಗೆ ಏರಿಸಿದ ಬಳೆ ಕಳೆದ ಪಾಪವೇ.

"ನಾ ಮುಟ್ಟಾಂಗಿಲ್ರಿ ಧಣೇರ," ಅಂದ ಗೊಲ್ಲಾಳಪ್ಪ. "ಮುಂದಿನ ತಿಂಗಳ ಮಗಳ ಮದವಿ ಅಕ್ಕಿಕಾಳ ಐತಿ. ಬಳಿ ಒಡದ ಪಾಪ ನನಗ ಬ್ಯಾಡ."

"ಇದೇನವಾ ಸೋನವ್ವಾ?" ಎಂದರು ಹಿಂದಿನಿಂದ ಬಂದ ಧಣಿ.

"ದೇವರ ಮಾಡೇವ್ರಿ."

"ಎಡಗೈಲೆ ಯಾರರ ಭಂಡಾರ ಹಚ್ಚತಾರೇನ?"

"ಬಲಗೈ ದೇವರು ಮೊದಲ ತಗೊಂಡಾನಲ್ರಿ," ಅಂದಳು ಸೋನಾಬಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹರವಿಯಲ್ಲಿ ನೀರು ಮುಗಿದಿದೆ ಎನ್ನುವ ಹಾಗೆ ಹೇಳಿದಳು.

ಧಣಿ ಜಾಳಿಗೆಯ ಹತ್ತಿರ ಹೋಗಿ, ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡರು. ಅವರ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು. ಆಮೇಲೆ ಗೊಲ್ಲಾಳಪ್ಪನ ಕೈಯಿಂದ ಪಾನಾ ಕಸಿದು ಶಿವಶರಣಪ್ಪನ ಕೈಗಿಟ್ಟರು. "ನೀ ನಾಕ ಅಕ್ಷರ ಕಲತಾಂವ, ನಿನಗ ಇದೇನೂ ಹತ್ತಂಗಿಲ್ಲ. ನೀ ಬಿಚ್ಚು. ಎರಡ ನಿಮಿಷದ ಕೆಲಸಾ."

ಪಾನಾ ಅವನು ಎಣಿಸಿದ್ದಕ್ಕಿಂತ ಭಾರವಾಗಿತ್ತು, ಗೊಲ್ಲಾಳಪ್ಪನ ಕೈಯ ಬೆವರಿನಿಂದ ಹಸಿಯಾಗಿತ್ತು. ಜಾಳಿಗೆಯ ಹಿಂದೆ ಶಾಫ್ಟು ನಿಂತಂತೆ ತಿರುಗುತ್ತಿತ್ತು. ಬಳೆಗಳು ಇಂಜಿನದ ನಡುಕಕ್ಕೆ ಕಬ್ಬಿಣದ ಮೇಲೆ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು, ಯಾರೋ ಕೈಯಾಡಿಸುತ್ತ ಕೆಲಸ ಮಾಡುತ್ತಿದ್ದಾರೆ ಎನ್ನುವಂತೆ. ಎರಡ ನಿಮಿಷದ ಕೆಲಸಾ ಎಂಬ ಮಾತು ತನ್ನ ಬಾಯಿಂದಲೇ ಬಂತೋ ಎಂದು ಅವನು ಒಂದು ಗಳಿಗೆ ಗಾಬರಿಯಾದ. ಅಲ್ಲ, ಧಣಿ ಅಂದದ್ದು. ಹಾಗಿದ್ದರೆ ಇದಕ್ಕೆ ಮೊದಲು ಯಾರೋ ಏನೋ ಕೇಳಬೇಕಾಗಿತ್ತು. ಅದನ್ನು ಕೇಳುವವರು ಯಾರೂ ಇರಲಿಲ್ಲ. ಅವನ ಬಾಯಿ ತೆರೆಯಿತು.

"ಇಂಜಿನ ನಿಂದರಸ್ತೀರೇನ್ರಿ?"

"ಏನಂದಿ?"

"ಇಂಜಿನ ನಡದಾಗ ಮುಟ್ಟಬಾರದಂತ ಐತ್ರಿ. ಬೋರ್ಡಿನ ಮ್ಯಾಲ. ಮೂರನೇದು." ಮುಂದುವರಿಯುವುದು ಹೇಗೆಂದು ತಿಳಿಯದೆ, "ಎರಡನೇದೂ ಐತ್ರಿ," ಅಂದ.

ಬೋರ್ಡನ್ನು ಆಫೀಸಿಗೆ ಮರಳಿ ಒಯ್ಯಲು ಯಾರಿಗೂ ನೆನಪಾಗಿರಲಿಲ್ಲ. ಧಣಿ ತಿರುಗಿ ಅದನ್ನು ಓದಿದರು. ಆರು ವರ್ಷ ತಮ್ಮ ತಂದೆಯ ಫೋಟೋದ ಕೆಳಗೆ ತೂಗಿದ್ದನ್ನು ಅವರು ಓದಿದ್ದು ಅದೇ ಮೊದಲು, ತುಟಿ ಅಲ್ಲಾಡಿಸುತ್ತ ಓದಿದರು. ಹೊರಗೆ ಒಂದು ಎತ್ತು ಕೂಗಿತು. ಹದಿನೆಂಟು ಗಾಡಿ, ಒಂದು ತಾಸು. ಅವರು ಶಿವಶರಣಪ್ಪನನ್ನು ತಲೆಯಿಂದ ಕಾಲವರೆಗೆ ನೋಡಿದರು. "ಸಂಜೀಕ ನೋಡೂಣು. ನಿನ್ನೂ ನೋಡೂಣು," ಎಂದು ಹೊರಗೆ ಹೋದರು. ಗೊಲ್ಲಾಳಪ್ಪ ಪಾನಾ ವಾಪಸು ತೆಗೆದುಕೊಳ್ಳುತ್ತ, "ಕಾರಕೂನ್ರ, ಭಾರೀ ಮಂದಿ ನೀವು," ಅಂದ. ಈ ಸಲ ಸಾಹೇಬ್ರ ಅನ್ನಲಿಲ್ಲ. ಆದರೆ ಇದು ಧೈರ್ಯವಲ್ಲ ಎಂದು ಶಿವಶರಣಪ್ಪನಿಗೆ ಗೊತ್ತಿತ್ತು. ಮಾತು ಅವಳದು. ಅವನು ಕದ್ದು ಆಡಿದ್ದ, ಅದೂ ಎರಡು ತಿಂಗಳು ತಡವಾಗಿ.

ಆರು ಗಂಟೆಗೆ ಭೋಂಗಾ ಕೂಗಿತು, ಇಂಜಿನ ಉಸಿರೆಳೆದು ನಿಂತಿತು. ಬಿಸಿಲು ಇನ್ನೂ ಇತ್ತು. ರೇಣವ್ವ ಜಾಳಿಗೆಯ ಕೆಳಗಿನ ಗೇಣುದ್ದದ ಸಂದಿಯಿಂದ ಗಳ ತೂರಿಸಿ ಅರಳೆ ಎಳೆದಳು. ಅರ್ಧ ತಾಸು ಹಿಡಿಯಿತು, ಒಳಗೆ ಬಾಗಬೇಕಾಗಲಿಲ್ಲ. ಗೊಲ್ಲಾಳಪ್ಪ ಘಾಸಲೇಟಿನಲ್ಲಿ ಕೈಯ ಜಿಡ್ಡು ತೊಳೆದು, ಜಾಳಿಗೆಗೆ ದೂರದಿಂದಲೇ ಕೈಮುಗಿದು ಮನೆಗೆ ಹೋದ. ಧಣಿ ಬರಲಿಲ್ಲ. ನಾಳೆ ಬರುತ್ತಾರೆ. ನಾಳೆ ಬೇಕಾದರೆ ಬಳೆ ಒಡೆಯುವ ಎದೆಯಿದ್ದವನೊಬ್ಬ ಸಿಕ್ಕಾನು, ಆದರೆ ವಿಜಾಪುರದಲ್ಲಿ ಅಂಥವನನ್ನು ಹುಡುಕಲು ಹೊತ್ತು ಬೇಕು.

ಸೋನಾಬಾಯಿ ಹರವಿ ಬೋರಲು ಹಾಕುವ ಮೊದಲು ತಂಬಿಗೆಯಲ್ಲಿ ಉಳಿದ ನೀರು ಹಿಡಿದು ಆಫೀಸಿನ ಬಾಗಿಲಿಗೆ ಬಂದಳು. "ಮುಂಜಾನಿಂದ ನೀರ ಕುಡದಿಲ್ರಿ ನೀವು." ಅವನು ತೆಗೆದುಕೊಂಡ. ಕುಡಿದ. ತಣ್ಣಗಿತ್ತು. ಸ್ನಾನದ ಕೋಣೆಯಲ್ಲಿ ಸಿದ್ಧ ಮಾಡಿಕೊಂಡ ಮಾತು ಆಗ ಬಂತು, ಎಲ್ಲಿಯೂ ಒತ್ತಿಲ್ಲದೆ.

"ಸೋನವ್ವಾ, ಅವತ್ತ ನಾನ ಕಳಿಸಿದ್ದೆ."

ಅವಳು ಅವನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು. "ಗೊತ್ತೈತಲ್ರಿ. ನಾನೂ ಅಲ್ಲೇ ಇದ್ದೆ."

ಅವನಿಗೆ ಇದು ಹೊಳೆದೇ ಇರಲಿಲ್ಲ. ಎರಡು ತಿಂಗಳು ಅದನ್ನು ತನ್ನೊಬ್ಬನ ಗುಟ್ಟೆಂದು ಹೊತ್ತು ತಿರುಗಿದ್ದ. ತಂಬಿಗೆಯನ್ನು ಮೇಜಿನ ಮೇಲಿಡಲು ಹೋಗಿ ಅಂಚಿಗೆ ತಾಗಿಸಿ ಸಪ್ಪಳ ಮಾಡಿದ.

"ಹಂಗಾರ ಬರೀರಿ," ಅಂದಳು ಸೋನಾಬಾಯಿ.

"ಧಣಿ ನೋಡಿದ್ರ ನನ್ನ ನೌಕರಿ ಹೊಕ್ಕೈತಿ. ರೇಣವ್ವಂದೂ ಹೋಗಬಹುದು."

"ಆಕಿ ಕೈ ಉಳದ್ರ ಎಲ್ಲೆರ ದುಡಕೊಂಡ ತಿಂತಾಳ್ರಿ. ಬರೀರಿ."

ಅವನು ಪುಸ್ತಕ ತೆರೆದ. ಸ್ವಂತ ನಿಷ್ಕಾಳಜಿ, ಅದರ ಕೆಳಗೆ ಇನ್ಸ್‌ಪೆಕ್ಟರ ಸಹಿ. ಹೊಡೆದುಹಾಕಲು ಬರುವಂತಿರಲಿಲ್ಲ. ಬದಿಯಲ್ಲಿ ಎರಡು ಬೆರಳಿನಷ್ಟು ಜಾಗ ಖಾಲಿಯಿತ್ತು. ಅಲ್ಲಿ ಒತ್ತೊತ್ತಾಗಿ ಬರೆದ. ಜಾಗ ಸಾಲದೆ ಅಕ್ಷರ ಸೊಟ್ಟವಾದವು, ಒಂದೂ ದುಂಡಗೆ ಬರಲಿಲ್ಲ. ಬರೆದು ಮುಗಿಸುವವರೆಗೆ ಅವಳು ಅಲ್ಲೇ ನಿಂತಿದ್ದಳು.

"ಓದ್ರಿ," ಅಂದಳು.

ಅವನು ಓದಿದ. "ಇಂಜಿನ ನಡೆದಿದ್ದಾಗ ಈಕೆಯನ್ನು ಶಾಫ್ಟಿನ ಬುಡಕ್ಕೆ ಕಳಿಸಿದವನು ಹಾಜರಿ ಕಾರಕೂನ ಶಿವಶರಣಪ್ಪ. ಇಂಜಿನ ನಿಲ್ಲಿಸುತ್ತೀರಾ ಎಂದು ಈಕೆ ಕೇಳಿದ್ದಳು. ನಿಲ್ಲಿಸಲಿಲ್ಲ. ಜಾಳಿಗೆ ಕೋಣೆಯಲ್ಲಿತ್ತು. ಕೀಲಿ ನನ್ನ ಕಿಸೆಯಲ್ಲಿತ್ತು."

ಸೋನಾಬಾಯಿ ತಲೆಯಾಡಿಸಿದಳು, ಲೆಕ್ಕ ಸರಿಯಿದೆ ಎನ್ನುವಂತಲ್ಲ, ಕೇಳಿಸಿತು ಎನ್ನುವಷ್ಟೇ. ಬಾಗಿಲಿಗೆ ಹೋಗಿ ಅಂಗಳದಲ್ಲಿ ಕಾಯುತ್ತಿದ್ದ ಮಗಳನ್ನೂ, ಅವಳ ಹಿಂದೆ ಚಪ್ಪಲಿ ಮೆಟ್ಟುತ್ತಿದ್ದ ದಾವಲಬಿ ಮೊದಲಾದವರನ್ನೂ ಎಡಗೈ ಬೀಸಿ ಕರೆದಳು.

"ಇನ್ನೊಮ್ಮಿ ಓದ್ರಿ," ಅಂದಳು. "ಗಟ್ಟ್ಯಾಗಿ."